ಹತ್ತಿರದ ಮರ, ಇಪ್ಪತ್ತು ನಿಮಿಷ: ದಣಿದ ಮನಸ್ಸಿಗೆ ಪ್ರಕೃತಿಯ ಒಡನಾಟ ರೂಢಿಸಿಕೊಳ್ಳುವುದು ಹೇಗೆ?

"ಸ್ವಲ್ಪ ಹೊರಗೆ ಓಡಾಡಿಕೊಂಡು ಬಾ, ಮನಸ್ಸು ಹಗುರಾಗುತ್ತೆ" ಎಂಬ ಮಾತನ್ನು ಕೇಳದವರಿಲ್ಲ. ಮಾತೇನೋ ನಿಜವೇ. ಆದರೆ ಬೇಸರದಲ್ಲೋ ಆತಂಕದಲ್ಲೋ ಸಿಕ್ಕಿಕೊಂಡವರಿಗೆ ಅಷ್ಟು ಹೇಳಿದರೆ ಸಾಲದು. ಎಲ್ಲಿಗೆ ಹೋಗಬೇಕು, ಎಷ್ಟು ಹೊತ್ತು ಇರಬೇಕು, ಹೋಗಿ ಮಾಡುವುದೇನು, ಏಳಲು ಮನಸ್ಸೇ ಬಾರದಿದ್ದರೆ ಏನು ದಾರಿ ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಕಳೆದ ನಾಲ್ಕು ದಶಕಗಳಲ್ಲಿ ಸಂಶೋಧಕರು ಇದೇ ಪ್ರಶ್ನೆಗಳನ್ನು ಹಿಡಿದು ಸಾಕಷ್ಟು ಕೆಲಸ ಮಾಡಿದ್ದಾರೆ. ಅದರಲ್ಲಿ ದಿನನಿತ್ಯಕ್ಕೆ ಒದಗುವುದನ್ನು ಹೆಕ್ಕಿ, ಹಂತ ಹಂತವಾಗಿ ಇಲ್ಲಿ ಇಟ್ಟಿದ್ದೇನೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ವರ್ಷಕ್ಕೊಮ್ಮೆ ದೂರದ ಬೆಟ್ಟಕ್ಕೆ ಹೋಗಿಬರುವುದಕ್ಕಿಂತ, ಮನೆಯ ಹತ್ತಿರ ಇರುವ ನಾಲ್ಕು ಮರಗಳ ಕೆಳಗೆ ವಾರವಾರವೂ ಕಳೆಯುವ ಹೊತ್ತು ಮನಸ್ಸಿಗೆ ಹೆಚ್ಚಿನ ಆಸರೆ. ಮತ್ತು ಆ ಹೊತ್ತಿನಲ್ಲಿ ನಿಮ್ಮ ಗಮನ ಎಲ್ಲಿರುತ್ತದೆ ಎಂಬುದು ನೀವು ಎಲ್ಲಿದ್ದೀರಿ ಎಂಬುದರಷ್ಟೇ ಮುಖ್ಯ. ಮುಂದಿನ ಪ್ರತಿ ಹಂತವೂ ಈ ಎರಡು ಸಂಗತಿಗಳ ಸುತ್ತಲೇ ಇದೆ.

ಶುರುಮಾಡುವ ಮುನ್ನ: ಒಳಗೆ ಏನು ನಡೆಯುತ್ತದೆ?

ದಿನವಿಡೀ ನಾವು ಗಮನವನ್ನು ಬಲವಂತವಾಗಿ ಒಂದೆಡೆ ಹಿಡಿದಿಡುತ್ತೇವೆ. ಲೆಕ್ಕ ನೋಡುವಾಗ, ಗಾಡಿ ಓಡಿಸುವಾಗ, ಯಾರದೋ ಮಾತಿಗೆ ತಕ್ಕ ಉತ್ತರ ಹುಡುಕುವಾಗ, ಬೇಡದ ಸದ್ದುಗಳನ್ನೂ ಬೇಡದ ಯೋಚನೆಗಳನ್ನೂ ಪಕ್ಕಕ್ಕೆ ತಳ್ಳುತ್ತಲೇ ಇರಬೇಕು. ಬಹಳ ಹೊತ್ತು ಹೊರೆ ಹೊತ್ತ ತೋಳಿನಂತೆ ಈ ಶಕ್ತಿಯೂ ಸೋಲುತ್ತದೆ. ಸೋತಾಗ ಸಣ್ಣದಕ್ಕೂ ಸಿಡುಕು ಬರುತ್ತದೆ, ಓದಿದ ಸಾಲನ್ನೇ ಮತ್ತೆ ಓದುತ್ತೇವೆ, ಚಿಕ್ಕ ತೀರ್ಮಾನವೂ ಬೆಟ್ಟವಾಗಿ ಕಾಣುತ್ತದೆ.

ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ದಂಪತಿ ರೇಚಲ್ ಕಪ್ಲಾನ್ ಮತ್ತು ಸ್ಟೀಫನ್ ಕಪ್ಲಾನ್ 1980ರ ದಶಕದಲ್ಲಿ ಇದಕ್ಕೊಂದು ವಿವರಣೆ ಕೊಟ್ಟರು. ಎಲೆ ಅಲುಗುವುದು, ಮೋಡ ಸರಿಯುವುದು, ನೀರು ಹರಿಯುವುದು ಇವೆಲ್ಲ ಗಮನವನ್ನು ಮೆಲ್ಲಗೆ ಸೆಳೆಯುತ್ತವೆ, ಕಸಿದುಕೊಳ್ಳುವುದಿಲ್ಲ. ನೋಡಲು ಪ್ರಯತ್ನ ಬೇಕಿಲ್ಲ. ನೋಡುತ್ತಲೇ ಬೇರೇನನ್ನೋ ಯೋಚಿಸಲೂ ಜಾಗ ಉಳಿಯುತ್ತದೆ. ಅಷ್ಟರಲ್ಲಿ ಸೋತ ಗಮನ ಚೇತರಿಸಿಕೊಳ್ಳುತ್ತದೆ. ಅದೇ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಬರ್ಮನ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಪುಷ್ಟಿ ಕೊಟ್ಟಿತು. ಸುಮಾರು 50 ನಿಮಿಷ ಮರಗಳ ತೋಟದಲ್ಲಿ ನಡೆದು ಬಂದವರು ಅಂಕಿಗಳನ್ನು ಹಿಂದುಮುಂದಾಗಿ ನೆನಪಿಟ್ಟು ಹೇಳುವ ಪರೀಕ್ಷೆಯಲ್ಲಿ ಸುಧಾರಿಸಿದರು. ಅಷ್ಟೇ ದೂರವನ್ನು ಪೇಟೆಯ ಬೀದಿಯಲ್ಲಿ ನಡೆದಾಗ ಅಂಥ ಸುಧಾರಣೆ ಕಾಣಲಿಲ್ಲ. ಕೊರೆಯುವ ಚಳಿಯಲ್ಲಿ ನಡೆದು, ನಡಿಗೆ ಅಷ್ಟೇನೂ ಹಿತವೆನಿಸದವರಿಗೂ ಪ್ರಯೋಜನ ಸಿಕ್ಕಿತ್ತು. ಹೊರಗೆ ಹೋದಾಗಲೆಲ್ಲ ಖುಷಿಯಾಗಲೇಬೇಕು ಎಂಬ ನಿರೀಕ್ಷೆ ಇಟ್ಟುಕೊಂಡವರು ಇದನ್ನು ನೆನಪಿಡಬೇಕು.

ಇನ್ನೊಂದು ಬದಲಾವಣೆ ಕೊರಗಿನದು. ಆಗಿಹೋದದ್ದನ್ನೇ, ತನ್ನ ಕೊರತೆಯನ್ನೇ ಸುತ್ತಿ ಸುತ್ತಿ ಯೋಚಿಸುವ ಚಾಳಿ ಖಿನ್ನತೆಗೆ ದಾರಿ ಮಾಡಿಕೊಡುತ್ತದೆ. ಗ್ರೆಗರಿ ಬ್ರಾಟ್‌ಮನ್ ಮತ್ತು ಸಂಗಡಿಗರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ನಡೆಸಿದ, 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ಗುಂಪು ಹುಲ್ಲುಗಾವಲಿನಲ್ಲಿ 90 ನಿಮಿಷ ನಡೆಯಿತು, ಇನ್ನೊಂದು ಗುಂಪು ವಾಹನಗಳ ದಟ್ಟಣೆಯ ಹೆದ್ದಾರಿಯ ಬದಿಯಲ್ಲಿ. ಹುಲ್ಲುಗಾವಲಿನಲ್ಲಿ ನಡೆದವರಲ್ಲಿ ಕೊರಗುವ ಯೋಚನೆ ತಗ್ಗಿತು; ಅಂಥ ಯೋಚನೆಯ ಜೊತೆ ನಂಟಿರುವ ಮಿದುಳಿನ ಮುಂಭಾಗದ ಒಂದು ಪ್ರದೇಶದ ಚಟುವಟಿಕೆಯೂ ಇಳಿಯಿತು. ಬರ್ಲಿನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸಂಶೋಧಕರು 2022ರಲ್ಲಿ ಇದನ್ನು ಇನ್ನೊಂದು ಕಡೆಯಿಂದ ನೋಡಿದರು. ಕಾಡಿನಲ್ಲಿ 1 ಗಂಟೆ ನಡೆದ ಮೇಲೆ, ಭಯ ಮತ್ತು ಒತ್ತಡಕ್ಕೆ ಸ್ಪಂದಿಸುವ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ಕಡಿಮೆಯಾಗಿತ್ತು. ಅಂಗಡಿಬೀದಿಯಲ್ಲಿ ನಡೆದವರಲ್ಲಿ ಅದು ಹಾಗೆಯೇ ಉಳಿದಿತ್ತು.

ಮೊದಲ ಹಂತ: ಒಂದು ಜಾಗ ಗೊತ್ತುಮಾಡಿಕೊಳ್ಳಿ

ಜಾಗ ಚೆಲುವಾಗಿರಬೇಕು ಎನ್ನುವುದಕ್ಕಿಂತ ಹತ್ತಿರವಿರಬೇಕು. ಮನೆಯಿಂದಲೋ ಕೆಲಸದ ಜಾಗದಿಂದಲೋ ಹತ್ತು ನಿಮಿಷದ ನಡಿಗೆಯೊಳಗೆ ಸಿಗುವಂಥದ್ದು. ಉದ್ಯಾನ, ಕೆರೆಯ ಏರಿ, ನದಿಯ ದಂಡೆ, ಸಾಲುಮರಗಳಿರುವ ರಸ್ತೆ, ಆಟದ ಮೈದಾನದ ಅಂಚು, ಏನೂ ಇಲ್ಲದಿದ್ದರೆ ಆಕಾಶ ಚೆನ್ನಾಗಿ ಕಾಣುವ ತಾರಸಿಯಾದರೂ ಆದೀತು. ಗಾಡಿ ತೆಗೆದುಕೊಂಡು, ಸಮಯ ಹೊಂದಿಸಿಕೊಂಡು, ಜೊತೆಗಾರರನ್ನು ಒಪ್ಪಿಸಿ ಹೋಗಬೇಕಾದ ಜಾಗ ಎಷ್ಟೇ ಸೊಗಸಾಗಿದ್ದರೂ ಮನಸ್ಸು ಕುಗ್ಗಿದ ದಿನ ನಿಮ್ಮ ಕೈಗೆ ಸಿಗುವುದಿಲ್ಲ. ಕುಗ್ಗಿದ ದಿನಕ್ಕಾಗಿಯೇ ಜಾಗ ಆರಿಸುತ್ತಿದ್ದೀರಿ ಎಂಬುದು ನೆನಪಿರಲಿ.

ಆರಿಸುವಾಗ ನಾಲ್ಕು ಸಂಗತಿ ನೋಡಿ. ಕುಳಿತುಕೊಳ್ಳಲು ಒಂದು ಕಲ್ಲೋ ಬೆಂಚೋ ಇದೆಯೇ? ಕಣ್ಣಿಗೆ ದೂರದ ನೋಟ ಸಿಗುತ್ತದೆಯೇ? ವಾಹನಗಳ ಸದ್ದು ಹಕ್ಕಿಯ ಸದ್ದನ್ನು ಪೂರ್ತಿ ನುಂಗುವಷ್ಟಿದೆಯೇ? ಒಬ್ಬರೇ ಇದ್ದಾಗಲೂ ಸುರಕ್ಷಿತವೆನಿಸುತ್ತದೆಯೇ? ಕೊನೆಯ ಪ್ರಶ್ನೆಗೆ ಉತ್ತರ ಇಲ್ಲ ಎಂದಾದರೆ ಉಳಿದ ಮೂರಕ್ಕೂ ಬೆಲೆಯಿಲ್ಲ. ಬೆನ್ನ ಹಿಂದೆ ಯಾರು ಬರುತ್ತಿದ್ದಾರೆಂದು ತಿರುಗಿ ತಿರುಗಿ ನೋಡಬೇಕಾದ ಕಡೆ ಮನಸ್ಸು ವಿರಮಿಸುವುದು ಸಾಧ್ಯವೇ ಇಲ್ಲ. ಇದು ಹೆಂಗಸರು ಮತ್ತೆ ಮತ್ತೆ ಹೇಳುವ ಮಾತು, ಹಗುರವಾಗಿ ತಳ್ಳಿಹಾಕುವಂಥದ್ದಲ್ಲ. ನಾಲ್ಕು ಜನ ಓಡಾಡುವ ಸಣ್ಣ ಉದ್ಯಾನವೇ ನಿರ್ಜನವಾದ ದೊಡ್ಡ ಕಾಡಿಗಿಂತ ಮೇಲು.

ನೀರಿರುವ ಜಾಗ ಸಿಕ್ಕರೆ ಬಿಡಬೇಡಿ. ಅಲೆಯ ಸದ್ದು, ನೀರಿನ ಮೇಲೆ ಒಡೆದು ಕೂಡುವ ಬೆಳಕು ಇವು ಗಮನವನ್ನು ಮೆಲ್ಲಗೆ ಹಿಡಿದಿಡುವುದರಲ್ಲಿ ಮರಗಳಿಗಿಂತ ಕಡಿಮೆಯೇನಲ್ಲ.

ಎರಡನೆಯದು: ಎಷ್ಟು ಹೊತ್ತು?

ವಾರಕ್ಕೆ ಎರಡು ಗಂಟೆ ಎಂದಿಟ್ಟುಕೊಳ್ಳಿ. ಈ ಲೆಕ್ಕ ಬಂದದ್ದು ಇಂಗ್ಲೆಂಡಿನ ಸುಮಾರು 20,000 ಜನರ ಸಮೀಕ್ಷೆಯಿಂದ. ಮ್ಯಾಥ್ಯೂ ವೈಟ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಆ ಅಧ್ಯಯನದಲ್ಲಿ, ವಾರಕ್ಕೆ 120 ನಿಮಿಷ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಪ್ರಕೃತಿಯಲ್ಲಿ ಕಳೆದವರು ತಮ್ಮ ಆರೋಗ್ಯ ಚೆನ್ನಾಗಿದೆ, ಬದುಕಿನಲ್ಲಿ ನೆಮ್ಮದಿಯಿದೆ ಎಂದು ಹೇಳುವ ಸಾಧ್ಯತೆ ಹೆಚ್ಚಿತ್ತು. ಒಂದೇ ಸಲ ಎರಡು ಗಂಟೆ ಕಳೆದರೂ ಅಷ್ಟೇ, ಚೂರುಚೂರಾಗಿ ಕಳೆದರೂ ಅಷ್ಟೇ. ವಯಸ್ಸಾದವರಲ್ಲೂ ದೀರ್ಘಕಾಲದ ಕಾಯಿಲೆ ಇದ್ದವರಲ್ಲೂ ಇದೇ ಕಂಡಿತು. 200ರಿಂದ 300 ನಿಮಿಷಗಳ ಆಸುಪಾಸಿನಲ್ಲಿ ಪ್ರಯೋಜನ ಒಂದು ಮಟ್ಟಕ್ಕೆ ಬಂದು ನಿಂತಿತು. ಇದು ಸಮೀಕ್ಷೆಯಾದ್ದರಿಂದ, ಆರೋಗ್ಯವಂತರೇ ಹೆಚ್ಚಾಗಿ ಹೊರಗೆ ಹೋಗುತ್ತಿರಬಹುದು ಎಂಬ ಅನುಮಾನಕ್ಕೆ ಎಡೆಯಿದೆ. ಆದ್ದರಿಂದ 120 ಎಂಬುದನ್ನು ಗೆರೆ ಕೊರೆದ ನಿಯಮವೆಂದು ತಿಳಿಯಬೇಡಿ. ಕಣ್ಣ ಮುಂದೊಂದು ಗುರಿಯಿರಲಿ ಎಂಬಷ್ಟಕ್ಕೆ ಸಾಕು.

ಒಂದು ಸಲಕ್ಕೆ ಎಷ್ಟು ಹೊತ್ತು ಎಂಬುದಕ್ಕೂ ಆಧಾರವಿದೆ. ಮಿಷಿಗನ್‌ನ ಮೇರಿಕ್ಯಾರಲ್ ಹಂಟರ್ ತಂಡ ನಗರವಾಸಿಗಳ ಜೊಲ್ಲಿನಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನನ್ನು 8 ವಾರಗಳ ಅವಧಿಯಲ್ಲಿ ಅಳೆಯಿತು. ಹಸಿರಿನ ನಡುವೆ 20ರಿಂದ 30 ನಿಮಿಷ ಕಳೆಯುವಷ್ಟರಲ್ಲಿ ಅದು ಎಲ್ಲಕ್ಕಿಂತ ಬೇಗ ಇಳಿಯುತ್ತಿತ್ತು. ಅದಾದ ಮೇಲೆ ಇಳಿತ ಮುಂದುವರಿದರೂ ನಿಧಾನವಾಗುತ್ತಿತ್ತು. ಕೆನಡಾದಲ್ಲಿ 2020ರಲ್ಲಿ ಶುರುವಾದ ಒಂದು ಯೋಜನೆಯಡಿ ವೈದ್ಯರು ಔಷಧ ಚೀಟಿಯಲ್ಲೇ ಪ್ರಕೃತಿಯನ್ನು ಬರೆದುಕೊಡುತ್ತಾರೆ: ವಾರಕ್ಕೆ 2 ಗಂಟೆ, ಒಮ್ಮೆಗೆ ಕನಿಷ್ಠ 20 ನಿಮಿಷ.

ಹಾಗಾಗಿ ವಾರದಲ್ಲಿ ನಾಲ್ಕು ದಿನ 20 ನಿಮಿಷ, ಬಿಡುವಿನ ದಿನ ಒಂದಿಷ್ಟು ಉದ್ದಕ್ಕೆ 40 ನಿಮಿಷ ಎಂದು ಹಂಚಿಕೊಂಡರೆ ಎರಡು ಗಂಟೆ ತುಂಬುತ್ತದೆ. ಇದೂ ಭಾರವೆನಿಸಿದರೆ ಐದೈದು ನಿಮಿಷದಿಂದ ಶುರುಮಾಡಿ. ಖಿನ್ನತೆಯಲ್ಲಿರುವವರಿಗೆ ಬಾಗಿಲು ತೆರೆದು ಹೊರಗೆ ನಿಲ್ಲುವುದೇ ದೊಡ್ಡ ಕೆಲಸ. ಆ ದಿನದ ಮಟ್ಟಿಗೆ ಅಷ್ಟೇ ಮಾಡಿದರೂ ಸಾಕು, ಅದನ್ನೂ ಲೆಕ್ಕಕ್ಕೆ ಸೇರಿಸಿ.

ಮೂರನೆಯದು: ಎದ್ದು ಹೊರಡುವುದು

ಎಲ್ಲದರಲ್ಲೂ ಕಷ್ಟದ ಹಂತ ಇದೇ. ಕಾರಣವೂ ಗೊತ್ತಿರುವಂಥದ್ದು. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದ ಎಲಿಜಬೆತ್ ನಿಸ್ಬೆಟ್ ಮತ್ತು ಜಾನ್ ಝೆಲೆನ್‌ಸ್ಕಿ 2011ರಲ್ಲಿ ಒಂದು ಸರಳ ಪ್ರಯೋಗವನ್ನು ವರದಿ ಮಾಡಿದರು. ನಡಿಗೆಗೆ ಮುಂಚೆ, ಇದರಿಂದ ನಿಮಗೆಷ್ಟು ಹಿತವೆನಿಸೀತು ಎಂದು ಜನರನ್ನು ಕೇಳಿದರು. ಹತ್ತಿರದ ಹಸಿರು ದಾರಿಯಲ್ಲಿ ನಡೆದು ಬಂದವರಿಗೆ ನಿಜಕ್ಕೂ ಸಿಕ್ಕ ಹಿತ ಅವರ ಅಂದಾಜಿಗಿಂತ ಜಾಸ್ತಿಯಿತ್ತು. "ಹೋಗಿ ಏನು ಪ್ರಯೋಜನ" ಎಂದು ಮನಸ್ಸು ಹೇಳುವಾಗ ಅದು ತಪ್ಪು ಲೆಕ್ಕ ಹಾಕುತ್ತಿರುತ್ತದೆ. ಮನಸ್ಸು ಕುಗ್ಗಿದಾಗಲಂತೂ ಈ ಲೆಕ್ಕವನ್ನು ನಂಬಲೇಬಾರದು. ಹೋಗಬೇಕೋ ಬೇಡವೋ ಎಂಬ ಚರ್ಚೆಯನ್ನು ಪ್ರತಿದಿನ ಹೊಸದಾಗಿ ನಡೆಸದಂತೆ ವ್ಯವಸ್ಥೆ ಮಾಡಿಕೊಳ್ಳುವುದೇ ಇದಕ್ಕೆ ಉಪಾಯ.

ಈಗಾಗಲೇ ತಪ್ಪದೆ ನಡೆಯುವ ಯಾವುದಾದರೂ ಕೆಲಸದ ಬೆನ್ನಿಗೆ ಇದನ್ನು ಕಟ್ಟಿ. ಮಕ್ಕಳನ್ನು ಶಾಲೆಗೆ ಬಿಟ್ಟ ಮೇಲೆ, ಊಟದ ಬಿಡುವಿನಲ್ಲಿ, ಬಸ್ಸಿಳಿದು ಮನೆಗೆ ಬರುವ ದಾರಿಯಲ್ಲಿ. ಚಪ್ಪಲಿ, ಕೊಡೆ, ನೀರಿನ ಬಾಟಲಿ ಬಾಗಿಲ ಬಳಿಯೇ ಇರಲಿ. ಉಡುಪು ಬದಲಿಸಿ, ತಯಾರಾಗಿ ಹೋಗಬೇಕಾದ ಕೆಲಸವನ್ನಾಗಿ ಮಾಡಿಕೊಳ್ಳಬೇಡಿ.

ಸಾಧ್ಯವಾದರೆ ಬೆಳಗಿನ ಹೊತ್ತು ಆರಿಸಿಕೊಳ್ಳಿ. ಬೆಳಕನ್ನು ಅಳೆಯುವ ಮಾನ ಲಕ್ಸ್; ಸಾಮಾನ್ಯ ಕಚೇರಿಯೊಳಗಿನ ಬೆಳಕು 300ರಿಂದ 500 ಲಕ್ಸ್. ಮೋಡ ಕವಿದ ಹಗಲಲ್ಲೂ ಹೊರಗೆ ಸಾವಿರಾರು ಲಕ್ಸ್ ಬೆಳಕಿರುತ್ತದೆ. ನೇರ ಬಿಸಿಲಲ್ಲಿ ಅದು 1 ಲಕ್ಷದವರೆಗೂ ಏರಬಹುದು. ನಮ್ಮ ಕಣ್ಣಿಗೆ ಒಳಗಿನ ಬೆಳಕೇ ಸಾಕಷ್ಟು ಎನಿಸಿದರೂ, ಮಿದುಳಿನ ನಿದ್ದೆ ಎಚ್ಚರಗಳ ಗಡಿಯಾರವನ್ನು ಸರಿಮಾಡುವ, ಕಣ್ಣಿನ ಹಿಂಬದಿಯ ಪದರವಾದ ಅಕ್ಷಿಪಟಲದ ವಿಶೇಷ ಕೋಶಗಳಿಗೆ ಹೊರಗಿನ ಈ ಬೆಳಕು ಬೇಕು. ಬೆಳಗಿನ ಬೆಳಕು ಕಂಡವರಿಗೆ ರಾತ್ರಿ ನಿದ್ದೆ ಸಕಾಲಕ್ಕೆ ಬರುವುದು ಸುಲಭ. ನಿದ್ದೆ ಸರಿಹೋದರೆ ಮನಸ್ಸಿನ ಅರ್ಧ ಭಾರ ಇಳಿದಂತೆಯೇ. ಬೆಳಗ್ಗೆ ಆಗದಿದ್ದರೆ ಸಂಜೆಯೂ ಒಳ್ಳೆಯದೇ. ಹೊತ್ತು ಕೂಡಿಬರಲಿಲ್ಲವೆಂದು ಹೋಗುವುದನ್ನೇ ಬಿಡಬೇಡಿ.

ನಾಲ್ಕನೆಯದು: ಫೋನ್ ಎಲ್ಲಿಡಬೇಕು

ಚೀಲದೊಳಗೆ, ಸದ್ದಿಲ್ಲದ ಸ್ಥಿತಿಯಲ್ಲಿ. ತುರ್ತಿಗೆ ಬೇಕಾಗುವುದರಿಂದ ಮನೆಯಲ್ಲೇ ಬಿಟ್ಟು ಹೋಗಿ ಎನ್ನಲಾರೆ. ಆದರೆ ಕೈಯಲ್ಲಂತೂ ಬೇಡ. ಹಸಿರಿನ ನಡುವೆ ಬಿಡುವಿನ ಹೊತ್ತು ಕಳೆಯುವಾಗಲೂ ಲ್ಯಾಪ್‌ಟಾಪ್ ನೋಡುತ್ತ ಕುಳಿತವರ ಗಮನಶಕ್ತಿ ಚೇತರಿಸಿಕೊಳ್ಳಲಿಲ್ಲ ಎಂದು 2019ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು; ಚೇತರಿಕೆ ಕಂಡಿದ್ದು ಪರದೆಯಿಲ್ಲದೆ ಹಸಿರು ನೋಡಿದವರಲ್ಲಿ ಮಾತ್ರ. ಮರದಡಿ ಕುಳಿತು ಸುದ್ದಿ ತಿರುವಿಹಾಕಿದರೆ ಮರ ಇದ್ದೂ ಇಲ್ಲದಂತೆ. ಹೆಜ್ಜೆ ಎಣಿಸುವ ಗಡಿಯಾರವನ್ನೂ ಈ ಹೊತ್ತಿಗೆ ಬಿಚ್ಚಿಡಿ. ವ್ಯಾಯಾಮಕ್ಕೆ ಬೇರೆ ಹೊತ್ತಿದೆ.

ಐದನೆಯದು: ಅಲ್ಲಿ ಏನು ಮಾಡಬೇಕು

ಬಹಳ ಜನ ಎಡವುವುದು ಇಲ್ಲಿ. ಹೋಗುತ್ತಾರೆ, ಬಿರುಸಾಗಿ ಎರಡು ಸುತ್ತು ಹಾಕುತ್ತಾರೆ, ತಲೆಯೊಳಗೆ ಕಚೇರಿಯ ಜಗಳ ಓಡುತ್ತಲೇ ಇರುತ್ತದೆ, ಬರುತ್ತಾರೆ. ಏನೂ ಆಗಲಿಲ್ಲವಲ್ಲ ಎನ್ನುತ್ತಾರೆ. ಹಾಗಾಗದಿರಲು ನಾನು ಸೂಚಿಸುವ ಕ್ರಮ ಇದು.

ಮೊದಲ ಐದು ನಿಮಿಷ ಸುಮ್ಮನೆ ನಡೆಯಿರಿ. ತಲೆಯಲ್ಲಿ ಏನು ಓಡುತ್ತದೋ ಓಡಲಿ, ತಡೆಯಬೇಡಿ. ಆದರೆ ನಡಿಗೆಯನ್ನು ನಿಮ್ಮ ಮಾಮೂಲಿ ವೇಗಕ್ಕಿಂತ ತುಸು ತಗ್ಗಿಸಿ. ಹೆಜ್ಜೆ ನಿಧಾನವಾದರೆ ಉಸಿರೂ ತಾನಾಗಿ ನಿಧಾನವಾಗುತ್ತದೆ.

ಆಮೇಲೆ ಕಿವಿಯಿಂದ ಶುರುಮಾಡಿ. ಕಣ್ಣು ನೋಡಿದ್ದಕ್ಕೆಲ್ಲ ಹೆಸರಿಡಲು ಹೋಗುತ್ತದೆ. ಕಿವಿಗೆ ಆ ಆತುರವಿಲ್ಲ. ಒಂದು ಕಡೆ ನಿಂತು ಎಲ್ಲಕ್ಕಿಂತ ದೂರದ ಸದ್ದು ಯಾವುದು ಎಂದು ಹುಡುಕಿ. ನಂತರ ಎಲ್ಲಕ್ಕಿಂತ ಹತ್ತಿರದ್ದು. ಎರಡರ ನಡುವೆ ಎಷ್ಟೊಂದು ಪದರಗಳಿವೆ ಎಂಬುದು ಆಗ ತಿಳಿಯುತ್ತದೆ: ಒಣಗಿದ ಎಲೆ ಉರುಳುವ ಸದ್ದು, ಹುಳದ ಝೇಂಕಾರ, ಎರಡು ಹಕ್ಕಿಗಳ ಸವಾಲು ಜವಾಬು. ಹಕ್ಕಿಯ ದನಿಗೆ ವಿಶೇಷ ಗಮನ ಕೊಡಿ. ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು 1,292 ಜನರ ಮನಃಸ್ಥಿತಿಯನ್ನು ಫೋನ್ ಆ್ಯಪ್ ಮೂಲಕ ದಿನದ ಬೇರೆ ಬೇರೆ ಹೊತ್ತಿನಲ್ಲಿ ಕೇಳಿ ದಾಖಲಿಸಿದ್ದರು. ಹಕ್ಕಿಯನ್ನು ಕಂಡ ಅಥವಾ ಕೇಳಿದ ಮೇಲಿನ ನೆಮ್ಮದಿ 8 ಗಂಟೆಗಳವರೆಗೂ ಉಳಿಯಬಲ್ಲುದು ಎಂದು ಅವರು 2022ರಲ್ಲಿ ವರದಿ ಮಾಡಿದರು. ಖಿನ್ನತೆ ಇದೆಯೆಂದು ಹೇಳಿಕೊಂಡವರಲ್ಲೂ ಈ ಪರಿಣಾಮ ಕಂಡಿತು. ಹಕ್ಕಿಯ ಹೆಸರು ಗೊತ್ತಿರಬೇಕಾಗಿಲ್ಲ.

ಈಗ ಕಣ್ಣಿಗೆ ಕೆಲಸ ಕೊಡಿ. ದಿನವಿಡೀ ಕೈಯಳತೆಯ ದೂರದಲ್ಲಿರುವ ಪರದೆಯನ್ನೇ ನೋಡಿದ ಕಣ್ಣಿಗೆ ದೂರದ ನೋಟ ಬೇಕು. ಕಾಣುವಷ್ಟು ದೂರದ ಮರದ ತುದಿಯನ್ನೋ ಮೋಡದ ಅಂಚನ್ನೋ ಸ್ವಲ್ಪ ಹೊತ್ತು ನೋಡುತ್ತಿರಿ. ಆಮೇಲೆ ತೀರ ಹತ್ತಿರಕ್ಕೆ ಬನ್ನಿ: ಒಂದೇ ಒಂದು ಎಲೆ, ಅದರ ನರಗಳು ಕವಲೊಡೆದ ಬಗೆ, ಅಂಚಿನಲ್ಲಿ ಹುಳ ತಿಂದ ಗುರುತು. ಕೈಯಿಂದ ತೊಗಟೆ ಮುಟ್ಟಿ. ಬಿಸಿಲು ಬೀಳುವ ಕಡೆಯೂ ನೆರಳಿನ ಕಡೆಯೂ ಒಂದೇ ಬಿಸುಪಿದೆಯೇ ನೋಡಿ. ಮಣ್ಣಿನ, ಎಲೆಯ, ನೀರಿನ ವಾಸನೆಯನ್ನು ಬೇರೆ ಬೇರೆಯಾಗಿ ಹಿಡಿಯಲು ಪ್ರಯತ್ನಿಸಿ.

ಜಪಾನಿನಲ್ಲಿ 1982ರಲ್ಲಿ ಅಲ್ಲಿನ ಅರಣ್ಯ ಇಲಾಖೆ ಶಿನ್ರಿನ್‌ಯೋಕು, ಅಂದರೆ ಕಾಡಿನಲ್ಲಿ ಮೀಯುವುದು, ಎಂಬ ಹೆಸರಿನಲ್ಲಿ ಜನರನ್ನು ಕಾಡಿಗೆ ಕರೆಯಿತು. ಅಲ್ಲಿ ಮಾಡುವುದೂ ಹೆಚ್ಚುಕಡಿಮೆ ಇಷ್ಟೇ: ನಿಧಾನವಾಗಿ ನಡೆಯುವುದು, ಐದೂ ಇಂದ್ರಿಯಗಳನ್ನು ತೆರೆದಿಡುವುದು. ಎಲ್ಲಿಗೋ ತಲುಪುವ ಗುರಿಯಿಲ್ಲ.

ನಡುವೆ ಚಿಂತೆ ಬಂದೇ ಬರುತ್ತದೆ. ಬಂದಾಗ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಚಿಂತೆ ಬಂತು ಎಂದು ಗುರುತಿಸಿ, ಮತ್ತೆ ಹತ್ತಿರದ ಸದ್ದಿಗೆ ಹಿಂತಿರುಗಿ. ಒಂದು ನಡಿಗೆಯಲ್ಲಿ ಹೀಗೆ ಎಷ್ಟೋ ಸಲ ಹಿಂತಿರುಗಬೇಕಾದೀತು. ಹಾಗೆ ಹಿಂತಿರುಗುವುದೇ ಅಭ್ಯಾಸ.

ವಾರಕ್ಕೊಮ್ಮೆಯಾದರೂ ಬೆರಗು ಹುಟ್ಟಿಸುವ ಏನನ್ನಾದರೂ ಬೇಕೆಂದೇ ಹುಡುಕಿಕೊಂಡು ಹೋಗಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಫ್ರಾನ್ಸಿಸ್ಕೊ ಶಾಖೆಯಲ್ಲಿ ವರ್ಜೀನಿಯಾ ಸ್ಟರ್ಮ್ ಮತ್ತು ಸಂಗಡಿಗರು ಹಿರಿಯ ವಯಸ್ಸಿನವರಿಗೆ ವಾರಕ್ಕೊಂದು 15 ನಿಮಿಷದ ನಡಿಗೆಯನ್ನು 8 ವಾರ ಮಾಡಿಸಿದರು. ಒಂದು ಗುಂಪಿಗೆ ಎಲ್ಲವನ್ನೂ ಮಗುವಿನ ಕಣ್ಣಿನಿಂದ ಹೊಸದೆಂಬಂತೆ ನೋಡಿ ಎಂದಷ್ಟೇ ಹೇಳಿದ್ದರು. ಆ ಗುಂಪಿನವರಲ್ಲಿ ಸಂತೋಷ, ಕೃತಜ್ಞತೆ, ಇತರರ ಮೇಲಿನ ಕಾಳಜಿ ಹೆಚ್ಚಿತು. ನಡಿಗೆಯ ನಡುವೆ ಅವರು ತೆಗೆದುಕೊಂಡ ಸೆಲ್ಫಿಗಳಲ್ಲಿ ವಾರ ಕಳೆದಂತೆ ನಗು ಅಗಲವಾಗುತ್ತ ಹೋಯಿತು, ಚಿತ್ರದಲ್ಲಿ ಅವರ ಸ್ವಂತ ಆಕೃತಿ ಚಿಕ್ಕದಾಗಿ ಸುತ್ತಲಿನ ನೋಟ ದೊಡ್ಡದಾಯಿತು. ಈ ಕೊನೆಯ ವಿವರ ನನಗೆ ಬಹಳ ಇಷ್ಟ. ತನ್ನ ಚಿಂತೆಯೇ ಜಗತ್ತನ್ನೆಲ್ಲ ತುಂಬಿಕೊಂಡಿದೆ ಎನಿಸುವವರಿಗೆ, ಒಂದಷ್ಟು ಹೊತ್ತು ತಾನು ಚಿಕ್ಕವನಾಗುವುದು ಎಷ್ಟು ದೊಡ್ಡ ಬಿಡುಗಡೆ!

ಆರನೆಯದು: ಎರಡು ಸಾಲು ಬರೆದಿಡಿ

ಮನೆಗೆ ಬಂದ ಮೇಲೆ ಅಂದು ಗಮನಕ್ಕೆ ಬಂದ ಮೂರು ಸಂಗತಿಗಳನ್ನು, ಅವು ನಿಮಗೆ ಏನನ್ನಿಸಿದವು ಎಂಬುದನ್ನು ಒಂದು ಪುಸ್ತಕದಲ್ಲಿ ಗುರುತು ಹಾಕಿ. ಚೆಂದಾಗಿ ಬರೆಯಬೇಕಿಲ್ಲ. "ಗುಬ್ಬಿ ಧೂಳಿನಲ್ಲಿ ಹೊರಳಾಡುತ್ತಿತ್ತು, ನಗು ಬಂತು" ಎಂಬಷ್ಟು ಸಾಕು. ಕೆನಡಾದಲ್ಲಿ ಹಾಲಿ ಆ್ಯನ್ ಪಾಸ್‌ಮೋರ್ ಮತ್ತು ಮಾರ್ಕ್ ಹೋಲ್ಡರ್ ಕಾಲೇಜು ವಿದ್ಯಾರ್ಥಿಗಳಿಗೆ ಎರಡು ವಾರ ಇಂಥದ್ದೇ ಕೆಲಸ ಕೊಟ್ಟಿದ್ದರು: ದಿನದಲ್ಲಿ ಎದುರಾಗುವ ಪ್ರಕೃತಿಯನ್ನು ಗಮನಿಸಿ, ಫೋಟೊ ತೆಗೆದು, ಅನಿಸಿದ್ದನ್ನು ಬರೆಯುವುದು. ಅವರು ಹೊರಗೆ ಕಳೆಯುವ ಸಮಯವೇನೂ ಹೆಚ್ಚಾಗಲಿಲ್ಲ, ಆದರೂ ನೆಮ್ಮದಿ ಹೆಚ್ಚಿತು. ಕಟ್ಟಡ, ವಸ್ತುಗಳನ್ನು ಗಮನಿಸಿದ ಗುಂಪಿನಲ್ಲಿ ಅಷ್ಟು ಹೆಚ್ಚಲಿಲ್ಲ. ಸಮಯವೇ ಇಲ್ಲ ಎನ್ನುವವರು ಬೇರೆಲ್ಲ ಬಿಟ್ಟು ಈ ಹಂತವೊಂದನ್ನಾದರೂ ಮಾಡಬಹುದು.

ಒಬ್ಬರೇ ಹೋಗಬೇಕೆ, ಜೊತೆ ಬೇಕೆ?

ತಲೆ ಸಿಡಿಯುವಷ್ಟು ಮಾತು ಕೇಳಿ ಬಂದ ದಿನ ಒಬ್ಬರೇ ಹೋಗಿ. ಒಂಟಿತನ ಕಾಡುವ ದಿನ ಯಾರನ್ನಾದರೂ ಕರೆದುಕೊಳ್ಳಿ, ಆದರೆ ಮೊದಲ ಹತ್ತು ನಿಮಿಷ ಮಾತಿಲ್ಲದೆ ನಡೆಯೋಣ ಎಂದು ಮೊದಲೇ ಒಪ್ಪಂದ ಮಾಡಿಕೊಳ್ಳಿ. ಎದುರುಬದುರು ಕುಳಿತು ಹೇಳಲಾಗದ ಮಾತು ಅಕ್ಕಪಕ್ಕ ನಡೆಯುವಾಗ ಹೊರಬರುವುದುಂಟು.

ಮಕ್ಕಳಿದ್ದರೆ ಅವರನ್ನು ಮುಂದೆ ಬಿಟ್ಟು ಹಿಂದೆ ನಡೆಯಿರಿ. ಯಾವ ಕಲ್ಲಿನ ಬಳಿ ನಿಲ್ಲಬೇಕೆಂದು ಅವರಿಗೇ ಗೊತ್ತು. ಡೆನ್ಮಾರ್ಕಿನಲ್ಲಿ 9 ಲಕ್ಷಕ್ಕೂ ಹೆಚ್ಚು ಜನರ ದಾಖಲೆಗಳನ್ನು ಉಪಗ್ರಹ ಚಿತ್ರಗಳ ಜೊತೆ ಹೋಲಿಸಿ ನೋಡಿದ 2019ರ ಅಧ್ಯಯನದಲ್ಲಿ, ಬಾಲ್ಯದಲ್ಲಿ ಅತಿ ಕಡಿಮೆ ಹಸಿರಿನ ನಡುವೆ ಬೆಳೆದವರಿಗೆ ಮುಂದೆ ಮಾನಸಿಕ ಕಾಯಿಲೆ ಬರುವ ಅಪಾಯ 55 ಶೇಕಡಾದವರೆಗೂ ಹೆಚ್ಚಿತ್ತು. ಕುಟುಂಬದ ಆದಾಯ, ತಂದೆ ತಾಯಿಯ ಕಾಯಿಲೆಯ ಇತಿಹಾಸ ಇವನ್ನೆಲ್ಲ ಗಣನೆಗೆ ತೆಗೆದುಕೊಂಡ ಮೇಲೂ ಈ ನಂಟು ಉಳಿದಿತ್ತು.

ಹೊರಗೆ ಹೋಗಲಾಗದವರು

ಹಾಸಿಗೆ ಹಿಡಿದವರು, ಅವರನ್ನು ನೋಡಿಕೊಳ್ಳುವವರು, ರಾತ್ರಿ ಪಾಳಿಯ ಕೆಲಸದವರು, ಕೈಗೂಸಿನ ತಾಯಂದಿರು ಇವರನ್ನು ಮರೆತು ಬರೆಯುವ ಸಲಹೆ ಸಲಹೆಯೇ ಅಲ್ಲ. ಈ ಕ್ಷೇತ್ರದ ಬಹುಪ್ರಸಿದ್ಧ ಅಧ್ಯಯನ ನಡೆದದ್ದೇ ಆಸ್ಪತ್ರೆಯ ಕೋಣೆಯಲ್ಲಿ. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ ರೋಗಿಗಳ ದಾಖಲೆಗಳನ್ನು ರೋಜರ್ ಉಲ್ರಿಚ್ ಹೋಲಿಸಿ ನೋಡಿ 1984ರಲ್ಲಿ ಪ್ರಕಟಿಸಿದರು. ಕಿಟಕಿಯಿಂದ ಮರಗಳು ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಮರಳಿದ್ದರು, ತೀವ್ರ ನೋವುನಿವಾರಕಗಳನ್ನು ಕಡಿಮೆ ತೆಗೆದುಕೊಂಡಿದ್ದರು.

ಆದ್ದರಿಂದ ಮಂಚವನ್ನು ಕಿಟಕಿಯ ಕಡೆ ತಿರುಗಿಸಿ. ಕಿಟಕಿಯಾಚೆ ಬರೀ ಗೋಡೆಯಿದ್ದರೆ ಒಳಗೊಂದು ಗಿಡ ಇಡಿ, ಅದಕ್ಕೆ ನೀರು ಹಾಕುವ ಕೆಲಸ ರೋಗಿಗೇ ಇರಲಿ. ದಿನಕ್ಕೆ ಸ್ವಲ್ಪ ಹೊತ್ತು ಕಿಟಕಿ ತೆರೆದು ಗಾಳಿ, ಸದ್ದು ಒಳಬರಲು ಬಿಡಿ. ಧ್ವನಿಮುದ್ರಿತ ಹಕ್ಕಿದನಿ, ಮಳೆಯ ಸದ್ದು ಕೂಡ ಆತಂಕವನ್ನು ತುಸು ತಗ್ಗಿಸುತ್ತವೆ. ನಿಜದ ಮರಕ್ಕೆ ಇವು ಸಾಟಿಯಲ್ಲ, ಆದರೆ ಏನೂ ಇಲ್ಲದಿರುವುದಕ್ಕಿಂತ ಎಷ್ಟೋ ಮೇಲು.

ಎಚ್ಚರ ಬೇಕಾದ ಕಡೆ

ಪ್ರಕೃತಿ ಚಿಕಿತ್ಸೆಗೆ ಜೊತೆಯಾಗುತ್ತದೆ, ಚಿಕಿತ್ಸೆಯ ಜಾಗವನ್ನು ತುಂಬುವುದಿಲ್ಲ. ಎರಡು ವಾರ ದಾಟಿದರೂ ಬೇಸರ ಬಿಡದಿದ್ದರೆ, ಹಿಂದೆ ಇಷ್ಟಪಡುತ್ತಿದ್ದುದರಲ್ಲೂ ಆಸಕ್ತಿ ಸತ್ತಿದ್ದರೆ, ನಿದ್ದೆ ಅಥವಾ ಹಸಿವು ಕೆಟ್ಟಿದ್ದರೆ ವೈದ್ಯರನ್ನು ಕಾಣಿ. ಬದುಕು ಮುಗಿಸಿಕೊಳ್ಳುವ ಯೋಚನೆ ಬರುತ್ತಿದ್ದರೆ ಒಬ್ಬರೇ ಎಲ್ಲಿಗೂ ಹೋಗಬೇಡಿ. ಈಗಲೇ ಹತ್ತಿರದವರಿಗೆ ಹೇಳಿ, ತುರ್ತು ಸಹಾಯ ಪಡೆಯಿರಿ. ನಡಿಗೆಯಿಂದ ಹಿತವೆನಿಸಿತೆಂದು ಔಷಧವನ್ನು ನೀವಾಗಿಯೇ ನಿಲ್ಲಿಸಬಾರದು.

ಕೆಲವು ಔಷಧಗಳ ವಿಷಯ ಬೇರೆಯೇ ಇದೆ. ಮನಸ್ಸಿನ ತೀವ್ರ ಏರಿಳಿತಕ್ಕೆ ಕೊಡುವ ಲಿಥಿಯಂ ತೆಗೆದುಕೊಳ್ಳುವವರ ದೇಹದಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಅದರ ಮಟ್ಟ ಅಪಾಯಕರವಾಗಿ ಏರಬಹುದು. ಮನೋರೋಗದ ಕೆಲವು ಔಷಧಗಳು ಬೆವರುವಿಕೆಯನ್ನು ತಗ್ಗಿಸಿ ಸೆಕೆ ತಡೆಯುವ ಶಕ್ತಿಯನ್ನು ಕುಂದಿಸುತ್ತವೆ. ಇನ್ನು ಕೆಲವು ಚರ್ಮವನ್ನು ಬಿಸಿಲಿಗೆ ಸೂಕ್ಷ್ಮವಾಗಿಸುತ್ತವೆ. ಇಂಥವರು ಉರಿಬಿಸಿಲನ್ನು ಬಿಟ್ಟು ಬೆಳಗ್ಗೆ ಅಥವಾ ಇಳಿಹೊತ್ತಿನಲ್ಲಿ, ನೀರು ಜೊತೆಗಿಟ್ಟುಕೊಂಡು ಹೋಗಬೇಕು. ಗುಡುಗು ಕೇಳಿಸಿದರೆ ಯಾರೇ ಆಗಲಿ ಮರದಡಿ ನಿಲ್ಲದೆ ಗಟ್ಟಿ ಕಟ್ಟಡದೊಳಗೆ ಸೇರಿಕೊಳ್ಳಿ.

ಒಂದು ತಿಂಗಳಾದ ಮೇಲೆ

ಬರೆದಿಟ್ಟ ಪುಸ್ತಕ ತೆಗೆದು ನೋಡಿ. ನಿದ್ದೆ ಹೇಗಿದೆ, ಸಿಡುಕು ಹೇಗಿದೆ, ಮನಸ್ಸು ಕೊರಗಿಗೆ ಬಿದ್ದಾಗ ಮೇಲೇಳಲು ಮುಂಚಿನಷ್ಟೇ ಹೊತ್ತು ಬೇಕಾಗುತ್ತಿದೆಯೇ ಎಂದು ಕೇಳಿಕೊಳ್ಳಿ. ಮನೆಯವರನ್ನೂ ಕೇಳಿ, ನಮ್ಮ ಬದಲಾವಣೆ ನಮಗಿಂತ ಮೊದಲು ಅವರಿಗೆ ಕಾಣುತ್ತದೆ. ಏನೂ ವ್ಯತ್ಯಾಸವಿಲ್ಲವೆನಿಸಿದರೆ ಒಂದೊಂದಾಗಿ ಬದಲಿಸಿ ನೋಡಿ. ಮೊದಲು ಹೊತ್ತು ಬದಲಿಸಿ, ಆಮೇಲೆ ಜಾಗ, ಆಮೇಲೆ ಒಂಟಿಯೋ ಜೊತೆಯೋ ಎಂಬುದು. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ನಾಟಿತೆಂದು ತಿಳಿಯುವುದಿಲ್ಲ.

ಕೆಲವರಿಗೆ ಸುಮ್ಮನೆ ಕೂರುವುದು ಎಷ್ಟು ಪ್ರಯತ್ನಿಸಿದರೂ ಒಗ್ಗುವುದಿಲ್ಲ. ಅಂಥವರು ಕೈಗೆ ಕೆಲಸ ಕೊಡಿ. ಕಳೆ ಕೀಳುವುದು, ಸಸಿ ನೆಡುವುದು, ಒಣಗಿದ ಎಲೆ ಗುಡ್ಡೆಹಾಕುವುದು, ದಿನಾ ಹೋಗುವ ಜಾಗದಲ್ಲಿ ಬಿದ್ದ ಪ್ಲಾಸ್ಟಿಕ್ ಆರಿಸುವುದು. ಮಣ್ಣು ಮುಟ್ಟುವಾಗ ಕೈಗವಸು ಹಾಕಿಕೊಳ್ಳಿ, ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ಗಿಡ ನೆಟ್ಟವರಿಗೆ ಮರುದಿನ ಹೋಗಲು ಬೇರೆ ನೆಪ ಬೇಕಾಗುವುದಿಲ್ಲ, ನೀರು ಹಾಕಲೆಂದಾದರೂ ಹೋಗುತ್ತಾರೆ.